ಬ, ಮ, ಹ: ಯಹೂದಿ ಇತಿಹಾಸ, ಧರ್ಮ, ಸಾಹಿತ್ಯವನ್ನು ಪದವಿಗೆ ಓದುವುದೆಂದರೆ

(ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೂರು ಅಕ್ಷರಗಳಿಂದ ಶುರು ಮಾಡೋಣ. ಬ, ಮ, ಹ. 12ನೇ ಶತಮಾನದ ಕೆಲವು ವ್ಯಾಪಾರದ ಕಾಗದಗಳಲ್ಲಿ ಬರುವ ಒಬ್ಬ ಮನುಷ್ಯನ ಹೆಸರಿದು. ಆ ಕಾಗದಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಬರೆದವರು ಯೆಮೆನ್ ದೇಶದ ಏಡನ್ ಬಂದರಿನ ಯಹೂದಿ ವರ್ತಕರು. ಅವು ತಲುಪಬೇಕಾಗಿದ್ದದ್ದು ನಮ್ಮ ಮಂಗಳೂರಿನಲ್ಲಿದ್ದ ಅಬ್ರಹಾಂ ಬೆನ್ ಯಿಜು ಎಂಬುವನಿಗೆ. ಈತ ಇಂದಿನ ಟ್ಯುನೀಷಿಯಾದ ಮಹ್ದಿಯಾ ಎಂಬ ಊರಿನವನು. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್‌ಗೆ ಮರಳುವ ತನಕ ಈ ಕರಾವಳಿಯಲ್ಲೇ ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ ಮಾಡಿದ, ಕಂಚಿನ ಪಾತ್ರೆ ಮಾಡಿಸುವ ಕಾರ್ಯಾಗಾರ ನಡೆಸಿದ. ಬ-ಮ-ಹ ಅವನ ಆಳು. ಯಜಮಾನನ ಪರವಾಗಿ ಹಡಗು ಹತ್ತಿ ಏಡನ್‌ಗೆ ಹೋಗಿ ವ್ಯವಹಾರ ಮುಗಿಸಿ ಬರುವಷ್ಟು ನಂಬಿಕೆಯವನು.

ಹೀಬ್ರೂ ಲಿಪಿಯಲ್ಲಿ ಸಾಮಾನ್ಯವಾಗಿ ಸ್ವರ ಬರೆಯುವುದಿಲ್ಲ. ಈ ಹೆಸರಿನ ಕೊನೆಯ ‘ಹ’ ಕೂಡ ಇಲ್ಲಿ ವ್ಯಂಜನವಲ್ಲ, ಪದ ಅಕಾರದಲ್ಲಿ ಮುಗಿಯುತ್ತದೆ ಎಂದು ತಿಳಿಸುವ ಗುರುತು. ಒತ್ತಕ್ಷರವನ್ನಂತೂ ಬರಿಯ ಅಕ್ಷರಗಳಲ್ಲಿ ತೋರಿಸುವ ದಾರಿಯೇ ಇಲ್ಲ. ಹಾಗಾಗಿ ಬಮ, ಬಾಮ, ಬೀಮ, ಏನು ಬೇಕಾದರೂ ಆಗಬಹುದು. ಹೀಬ್ರೂ, ಅರಬ್ಬಿ ಎರಡನ್ನೂ ಅರೆದು ಕುಡಿದವರಿಗೂ ಇಲ್ಲಿ ಅನುಮಾನ ಉಳಿಯುತ್ತಿತ್ತು. ಲೇಖಕ ಅಮಿತಾವ್ ಘೋಷ್ ಈ ಕಾಗದಗಳ ಬೆನ್ನು ಹತ್ತಿ ತುಳುನಾಡಿಗೆ ಬಂದು, ಇಲ್ಲಿನ ಹೆಸರುಗಳನ್ನು ಬಲ್ಲವರನ್ನು ವಿಚಾರಿಸಿದ ಮೇಲೆ ಹೆಸರು ಬಿಡಿಸಿಕೊಂಡಿತು. ಬೊಮ್ಮ. ನಮ್ಮ ಶಾಸನಗಳ ತುಂಬ ಇರುವ ಅದೇ ಬೊಮ್ಮ.

ಯಹೂದಿ ಅಧ್ಯಯನದ ಪದವಿ ಎಂದರೆ ಏನು ಎಂದು ಕೇಳಿದರೆ ನಾವು ಕೊಡುವ ಉತ್ತರ ಇದೇ: ಒಂದು ಪುಟವನ್ನು ಮುಂದಿಟ್ಟುಕೊಂಡು, ಅದರಲ್ಲಿ ಬರೆದಿರುವುದೆಷ್ಟು, ಓದುವವರು ತುಂಬಿರುವುದೆಷ್ಟು ಎಂದು ಬೇರ್ಪಡಿಸಲು ಕಲಿಯುವುದು. ಮೂರು ಸಾವಿರ ವರ್ಷದ ಸಾಮಗ್ರಿ ಇದೆ. ಆದರೆ ಕೆಲಸ ಮಾತ್ರ ಪ್ರತಿ ಸಲವೂ ಒಂದು ಪುಟದಷ್ಟೇ.

ಈ ವಿಷಯಕ್ಕೆ ಬರುವವರು ಹೆಚ್ಚಾಗಿ ಎರಡು ತಪ್ಪು ಬಾಗಿಲುಗಳಿಂದ ಬರುತ್ತಾರೆ. ಒಂದು, ‘ಹಳೆಯ ಒಡಂಬಡಿಕೆ ಗೊತ್ತಿದೆ, ಅಲ್ಲಿಗೆ ಯಹೂದಿ ಧರ್ಮವೂ ಗೊತ್ತಾಯಿತು’ ಎಂಬ ಭಾವನೆ. ಇನ್ನೊಂದು, ಹಿಟ್ಲರನ ಕಾಲ ಮತ್ತು ಇಂದಿನ ಪಶ್ಚಿಮ ಏಷ್ಯಾದ ಸುದ್ದಿ, ಇವೆರಡೇ ಯಹೂದಿ ಇತಿಹಾಸ ಎಂಬ ಭಾವನೆ. ಮೊದಲನೆಯದು ಸುಮಾರು ಎರಡು ಸಾವಿರ ವರ್ಷದ ಬದುಕನ್ನು ಮರೆಸುತ್ತದೆ. ಎರಡನೆಯದು ಉಳಿದ ಇತಿಹಾಸವನ್ನೆಲ್ಲ ಒಂದು ದುರಂತದ ಮುನ್ನುಡಿಯಾಗಿಸಿಬಿಡುತ್ತದೆ. ಇತಿಹಾಸಕಾರ ಸಾಲೊ ಬ್ಯಾರನ್ 1928ರಲ್ಲೇ ಇದರ ವಿರುದ್ಧ ಬರೆದರು. ಯಹೂದಿ ಚರಿತ್ರೆಯನ್ನು ಬರೀ ಕಣ್ಣೀರಿನ ಚರಿತ್ರೆಯಾಗಿ ಬರೆಯುವುದು ತಪ್ಪು ಎಂಬುದು ಅವರ ವಾದ. 1930ರಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯಹೂದಿ ಇತಿಹಾಸದ ಪೀಠಕ್ಕೆ ಬಂದರು. ಇಂದಿಗೂ ಮೊದಲ ವರ್ಷದ ಇತಿಹಾಸದ ತರಗತಿಯಲ್ಲಿ ಈ ವಾದ ಚರ್ಚೆಗೆ ಬರುತ್ತದೆ.

ವಿಶ್ವವಿದ್ಯಾಲಯದೊಳಗೆ ಈ ವಿಷಯ ಹೇಗೆ ಬಂತು ಎಂಬುದನ್ನೂ ತಿಳಿದಿರಬೇಕು. ಹೀಬ್ರೂ ಭಾಷೆಗೆ ಕೇಂಬ್ರಿಜ್‌ನಲ್ಲಿ 1540ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ 1546ರಲ್ಲಿ ರಾಜನ ಹೆಸರಿನ ಪ್ರಾಧ್ಯಾಪಕ ಪೀಠಗಳು ಸ್ಥಾಪನೆಯಾದವು. ಅವು ಬೈಬಲ್ ಓದುವ ಕ್ರೈಸ್ತ ಪಂಡಿತರಿಗಾಗಿ. ಆಗ ಇಂಗ್ಲೆಂಡಿನಲ್ಲಿ ಯಹೂದಿಗಳು ವಾಸಿಸಲು ಅನುಮತಿಯೇ ಇರಲಿಲ್ಲ. 1290ರಲ್ಲಿ ಹೊರಹಾಕಿದವರನ್ನು ಮತ್ತೆ ಒಳಬಿಟ್ಟದ್ದು 1656ರ ಸುಮಾರಿಗೆ. ಆಕ್ಸ್‌ಫರ್ಡ್‌ನಲ್ಲಿ ಯಹೂದಿ ವಿದ್ಯಾರ್ಥಿಯೊಬ್ಬ ಕ್ರೈಸ್ತ ಪ್ರತಿಜ್ಞೆಯಿಲ್ಲದೆ ಪದವಿ ಪಡೆಯುವಂತಾಗಲು 1854ರವರೆಗೆ ಕಾಯಬೇಕಾಯಿತು. ಭಾಷೆಗೆ ಪೀಠ ಸಿಕ್ಕ ಮುನ್ನೂರು ವರ್ಷಗಳ ಮೇಲೆ ಆ ಭಾಷೆಯ ಜನಕ್ಕೆ ಪದವಿ ಸಿಕ್ಕಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮಾತ್ರ ಆರಂಭದಿಂದಲೇ ಧರ್ಮದ ಷರತ್ತಿಲ್ಲದೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. 1828ರಲ್ಲಿ ಹೈಮನ್ ಹರ್ವಿಟ್ಜ್ ಎಂಬ ಯಹೂದಿ ವಿದ್ವಾಂಸರನ್ನು ಹೀಬ್ರೂ ಪ್ರಾಧ್ಯಾಪಕರನ್ನಾಗಿ ನೇಮಿಸಿತು.

ಅತ್ತ ಬರ್ಲಿನ್‌ನಲ್ಲಿ 1819ರಲ್ಲಿ ಲಿಯೊಪೋಲ್ಡ್ ಜುಂಜ್ ಮತ್ತು ಗೆಳೆಯರು ಯಹೂದಿ ಗ್ರಂಥಗಳನ್ನು ಆಧುನಿಕ ಸಂಶೋಧನೆಯ ಶಿಸ್ತಿನಿಂದ ಓದಬೇಕೆಂದು ಒಂದು ಸಂಘ ಕಟ್ಟಿದರು. ವಿಶ್ವವಿದ್ಯಾಲಯದಲ್ಲಿ ಪೀಠ ಬೇಕೆಂಬ ಜುಂಜ್ ಅವರ ಮನವಿಗೆ ಮನ್ನಣೆ ಸಿಗಲಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ ಬಾಗಿಲು ತೆರೆದದ್ದು 1925ರಲ್ಲಿ. ಅದೇ ವರ್ಷ ಹಾರ್ವರ್ಡ್‌ನಲ್ಲಿ ಹ್ಯಾರಿ ವುಲ್ಫ್‌ಸನ್ ಯಹೂದಿ ಸಾಹಿತ್ಯದ ಪೀಠಕ್ಕೆ ಬಂದರು. ಅಂದರೆ ನೀವು ಇಂದು ಅರ್ಜಿ ಹಾಕುವ ಈ ಪದವಿ ನೂರು ಚಿಲ್ಲರೆ ವರ್ಷ ಹಳೆಯದಷ್ಟೇ.

ಈಗ ಭಾಷೆಗೆ ಬರೋಣ. ಹೆಚ್ಚು ಸಮಯ ತಿನ್ನುವುದೂ, ಹೆಚ್ಚು ಜನ ಕೈಚೆಲ್ಲುವುದೂ ಇಲ್ಲೇ. ಪದವಿ ಸಾಮಾನ್ಯವಾಗಿ ಮೂರು ವರ್ಷ. ನಡುವೆ ಒಂದು ವರ್ಷ ಇಸ್ರೇಲಿನಲ್ಲೋ ಬೇರೆ ಕಡೆಯೋ ಓದುವುದಾದರೆ ನಾಲ್ಕು. ಮೊದಲ ವರ್ಷದ ಅತಿ ಭಾರವಾದ ಪತ್ರಿಕೆ ಹೀಬ್ರೂ. ವಾರಕ್ಕೆ ನಾಲ್ಕೈದು ಗಂಟೆ ತರಗತಿ, ಅದರ ಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಾದರೂ ಮನೆ ಅಭ್ಯಾಸ. ಭಾನುವಾರ ಆರು ಗಂಟೆ ಕುಳಿತು ಸರಿದೂಗಿಸುತ್ತೇನೆಂದರೆ ಆಗುವುದಿಲ್ಲ. ಬುಧವಾರ ಕಲಿತ ಕ್ರಿಯಾರೂಪ ಶುಕ್ರವಾರಕ್ಕೆ ಮರೆತಿರುತ್ತದೆ.

ಅಕ್ಷರಗಳು 22. ಅವುಗಳಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬೇರೆ ರೂಪ. ಬರೆಯುವುದು ಬಲದಿಂದ ಎಡಕ್ಕೆ. ಒಂದು ವಾರದಲ್ಲಿ ಕಲಿಯಬಹುದು. ಎಡವುವುದು ಜೋಡಿಗಳಲ್ಲಿ. ನಮ್ಮಲ್ಲಿ ಮಕ್ಕಳು ಪ-ಷ, ಘ-ಫ ಗೊಂದಲ ಮಾಡಿಕೊಳ್ಳುವ ಹಾಗೆ ಅಲ್ಲಿ ಬೇತ್-ಕಾಫ್, ಹೇ-ಹೇತ್, ದಾಲೆತ್-ರೇಶ್. ದಾಲೆತ್‌ಗೂ ರೇಶ್‌ಗೂ ವ್ಯತ್ಯಾಸ ಮೇಲಿನ ಬಲ ಮೂಲೆಯೊಂದೇ. ದಾಲೆತ್‌ನ ಮೂಲೆ ಚೂಪು, ರೇಶ್‌ನದು ದುಂಡು. ಇದು ಸಣ್ಣ ವಿಷಯವೆನಿಸಬಹುದು. ಯಹೂದಿಗಳು ದಿನಕ್ಕೆರಡು ಬಾರಿ ಹೇಳುವ ‘ಶೆಮಾ’ ಎಂಬ ವಾಕ್ಯ ‘ಎಹಾದ್’ ಎಂಬ ಪದದಲ್ಲಿ ಮುಗಿಯುತ್ತದೆ. ‘ಒಬ್ಬನೇ’ ಎಂದರ್ಥ, ಕೊನೆಯ ಅಕ್ಷರ ದಾಲೆತ್. ಅದನ್ನು ರೇಶ್ ಎಂದು ಓದಿದರೆ ‘ಅಹೇರ್’ ಆಗುತ್ತದೆ, ‘ಬೇರೊಬ್ಬ’ ಎಂದು. ದೇವರೊಬ್ಬನೇ ಎನ್ನುವ ವಾಕ್ಯ ಬುಡಮೇಲಾಗುತ್ತದೆ. ತೋರಾ, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳ, ಸುರುಳಿಗಳಲ್ಲಿ ಲಿಪಿಕಾರರು ಈ ಒಂದು ದಾಲೆತ್ ಅನ್ನು ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರೆಯುತ್ತಾರೆ. ಆ ಗೊಂದಲ ಆಗದಿರಲೆಂದೇ ಹೀಗೆ ಎಂಬುದು ರೂಢಿಯ ವಿವರಣೆ.

ವ್ಯಾಕರಣದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಹೀಬ್ರೂ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನದ ಧಾತುವಿನಿಂದ ಹುಟ್ಟುತ್ತವೆ. ಕ-ತ-ಬ ಎಂಬುದು ಬರೆಯುವುದಕ್ಕೆ ಸಂಬಂಧಿಸಿದ ಧಾತು. ‘ಕಾತವ್’ ಎಂದರೆ ಬರೆದ, ‘ನಿಖ್ತವ್’ ಎಂದರೆ ಬರೆಯಲ್ಪಟ್ಟಿತು, ‘ಹಿಖ್ತೀವ್’ ಎಂದರೆ ಬರೆಸಿದ, ‘ಹಿತ್ಕತ್ತೇವ್’ ಎಂದರೆ ಒಬ್ಬರಿಗೊಬ್ಬರು ಪತ್ರ ಬರೆದುಕೊಂಡ. ಇಂಥ ಏಳು ಅಚ್ಚುಗಳಿವೆ. ‘ಬರೆ’ಗೆ ‘ಇಸು’ ಸೇರಿಸಿ ‘ಬರೆಸು’ ಮಾಡುವುದು, ‘ಕೊಳ್ಳು’ ಸೇರಿಸಿ ‘ಬರೆದುಕೊಳ್ಳು’ ಮಾಡುವುದು ನಮಗೆ ನಾಲಿಗೆಯ ಮೇಲಿದೆ. ಇಂಗ್ಲಿಷಿನ ಮೂಲಕ ಕಲಿಯುವಾಗ ಸುತ್ತಿ ಬಳಸಿ ವಿವರಿಸುವ ಇದನ್ನು ಕನ್ನಡದ ಕಿವಿಯಿಂದ ನೇರವಾಗಿ ಹಿಡಿಯಬಹುದು.

ತೊಡಕು ಬರುವುದು ಬಲಹೀನ ಧಾತುಗಳಲ್ಲಿ. ಯ, ವ, ಹ, ನ ಇರುವ ಧಾತುಗಳಲ್ಲಿ ಒಂದು ವ್ಯಂಜನ ಮಾಯವಾಗಿಬಿಡುತ್ತದೆ. ಸ್ವರಚಿಹ್ನೆಯಿಲ್ಲದ ಪುಟದಲ್ಲಿ ವ-ಯ-ಶ-ಬ ಎಂಬ ನಾಲ್ಕು ಅಕ್ಷರ ಕಂಡಿತು ಎನ್ನಿ. ‘ವಯ್ಯೇಶೆವ್’ ಎಂದು ಓದಿದರೆ ಕುಳಿತ ಅಥವಾ ನೆಲೆಸಿದ. ‘ವಯ್ಯಾಶೊವ್’ ಎಂದರೆ ಹಿಂದಿರುಗಿದ. ‘ವಯ್ಯಿಶ್ಬ್’ ಎಂದರೆ ಸೆರೆಹಿಡಿದ. ಧಾತು ಮೂರೂ ಬೇರೆ ಬೇರೆ. ಬೈಬಲ್ ಹೀಬ್ರೂಗೆ ಹೆಚ್ಚು ಬಳಸುವ ಹಳೆಯ ನಿಘಂಟು ಧಾತುವಿನ ಅನುಕ್ರಮದಲ್ಲಿದೆ. ಮಾಯವಾದ ವ್ಯಂಜನ ಯಾವುದೆಂದು ಊಹಿಸಲು ಬರದಿದ್ದರೆ ನಿಘಂಟು ತೆರೆದೂ ಪದ ಸಿಗುವುದಿಲ್ಲ. ಇದಕ್ಕೆ ಮದ್ದು ಒಂದೇ: ಬಲಹೀನ ಧಾತುಗಳ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡುವುದು. ಫೋನಿನಲ್ಲಿ ಪದ ಒತ್ತಿದರೆ ಅರ್ಥ ತೋರಿಸುವ ಸೌಲಭ್ಯಗಳು ಇವೆ, ಬಳಸಿ. ಆದರೆ ಮೊದಲ ಆರು ತಿಂಗಳು ಬಳಸಬೇಡಿ. ಪರೀಕ್ಷೆಯಲ್ಲಿ ಅಪರಿಚಿತ ಪಾಠ ಕೊಟ್ಟಾಗ ಕೈಕೊಡುವುದು ಆ ಅಭ್ಯಾಸವೇ.

ಇನ್ನು ಗ್ರಂಥಗಳು. ಯಹೂದಿಗಳ ಬೈಬಲ್ಲಿಗೆ ‘ತನಾಖ್’ ಎಂದು ಹೆಸರು. ತೋರಾ, ನೆವೀಯೀಮ್ ಎಂದರೆ ಪ್ರವಾದಿಗಳು, ಕೆತೂವೀಮ್ ಎಂದರೆ ಬರಹಗಳು, ಈ ಮೂರರ ಮೊದಲಕ್ಷರ ಸೇರಿ ಆದ ಹೆಸರು. ಒಟ್ಟು 24 ಪುಸ್ತಕ. ಕನ್ನಡ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಇವೇ 39 ಆಗುತ್ತವೆ, ಏಕೆಂದರೆ ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ ಎರಡೆರಡಾಗುತ್ತವೆ, ಎಜ್ರ-ನೆಹೆಮೀಯ ಬೇರೆಯಾಗುತ್ತವೆ, ಹನ್ನೆರಡು ಕಿರುಪ್ರವಾದಿಗಳನ್ನು ಒಬ್ಬೊಬ್ಬರಾಗಿ ಎಣಿಸುತ್ತಾರೆ. ಲೆಕ್ಕದ ಈ ವ್ಯತ್ಯಾಸ ದೊಡ್ಡದಲ್ಲ, ಅನುಕ್ರಮದ್ದು ದೊಡ್ಡದು. ಕನ್ನಡ ಬೈಬಲ್ಲಿನ ಹಳೆಯ ಒಡಂಬಡಿಕೆ ಮುಗಿಯುವುದು ಮಲಾಕಿಯಲ್ಲಿ, ಎಲೀಯ ಬರುತ್ತಾನೆಂಬ ಮಾತಿನೊಂದಿಗೆ. ಪುಟ ತಿರುವಿದರೆ ಮತ್ತಾಯನ ಸುವಾರ್ತೆ. ತನಾಖ್ ಮುಗಿಯುವುದು ಪೂರ್ವಕಾಲವೃತ್ತಾಂತದಲ್ಲಿ. ಪಾರಸಿಯ ರಾಜ ಕೋರೆಷ ಸೆರೆಯಲ್ಲಿದ್ದ ಜನರಿಗೆ ಜೆರುಸಲೇಮಿಗೆ ಹೋಗಬಹುದೆಂದು ಅಪ್ಪಣೆ ಕೊಡುತ್ತಾನೆ. ಕೊನೆಯ ಪದ ‘ವೆಯಾಅಲ್’, ‘ಅವನು ಮೇಲೇರಿ ಹೋಗಲಿ’ ಎಂದು. ಒಂದು ಅನುಕ್ರಮ ಬರಲಿರುವವನ ಕಡೆ ಮುಖ ಮಾಡಿದೆ, ಇನ್ನೊಂದು ಮರಳಬೇಕಾದ ಊರಿನ ಕಡೆ. ಅದೇ ಪುಸ್ತಕಗಳು, ಜೋಡಿಸಿದ ರೀತಿ ಬೇರೆ.

ಕನ್ನಡ ಬೈಬಲ್ ಓದಿದವರಿಗೆ ‘ಯೆಹೋವ’ ಎಂಬ ಹೆಸರು ಗೊತ್ತೇ ಇದೆ. ಇದು ಹುಟ್ಟಿದ ಬಗೆಯನ್ನು ನೋಡಿ. ಮೂಲದಲ್ಲಿರುವುದು ಯ-ಹ-ವ-ಹ ಎಂಬ ನಾಲ್ಕು ವ್ಯಂಜನ. ಆ ಹೆಸರನ್ನು ಯಹೂದಿಗಳು ಉಚ್ಚರಿಸುವುದಿಲ್ಲ. ಅದು ಬಂದಾಗ ‘ಅದೊನಾಯ್’, ಒಡೆಯ, ಎಂದು ಓದುತ್ತಾರೆ. 7ರಿಂದ 10ನೇ ಶತಮಾನದ ನಡುವೆ ತಿಬೇರಿಯದಲ್ಲಿ ಗ್ರಂಥಪಾಠಕ್ಕೆ ಸ್ವರಚಿಹ್ನೆ ಹಾಕಿದ ಮಸೊರೇತ್ ವಿದ್ವಾಂಸರ ಪರಂಪರೆಯಲ್ಲಿ ಈ ನಾಲ್ಕು ವ್ಯಂಜನಕ್ಕೆ ‘ಅದೊನಾಯ್’ ಪದದ ಸ್ವರಗಳನ್ನು ಇಟ್ಟು ಬರೆದರು. ಅದು ‘ಇಲ್ಲಿ ಅದೊನಾಯ್ ಎಂದು ಓದಿ’ ಎಂಬ ಸೂಚನೆ. ಸೂಚನೆಯ ಅರಿವಿಲ್ಲದೆ ಎರಡನ್ನೂ ಬೆರೆಸಿ ಓದಿದ ಯುರೋಪಿನ ಕ್ರೈಸ್ತ ಓದುಗರಿಂದ ಬಂದದ್ದು ಯೆ-ಹೋ-ವ. ಬರೆದದ್ದೆಷ್ಟು, ಓದಿದ್ದೆಷ್ಟು ಎಂದು ಮೊದಲು ಹೇಳಿದೆವಲ್ಲ, ಒಂದೇ ಪದದೊಳಗೆ ಅದು ಹೀಗೆ ಅಡಗಿರುತ್ತದೆ.

ತನಾಖ್ ನಂತರ ಬರುವುದು ಮಿಶ್ನಾ. ಸುಮಾರು ಸಾ.ಶ. 200ರ ಹೊತ್ತಿಗೆ ರೂಪುಗೊಂಡದ್ದು, ಹೀಬ್ರೂ ಭಾಷೆ, 6 ಭಾಗ, 63 ಪ್ರಕರಣ. ಅದರ ಮೇಲೆ ನಡೆದ ಚರ್ಚೆ ಗೆಮಾರಾ, ಅದರ ಭಾಷೆ ಹೆಚ್ಚಾಗಿ ಅರಾಮಿಕ್. ಎರಡೂ ಸೇರಿ ತಾಲ್ಮುದ್. ಬ್ಯಾಬಿಲೋನಿಯದ ತಾಲ್ಮುದ್‌ನಲ್ಲಿ 2,711 ಹಾಳೆ. ದಿನಕ್ಕೊಂದು ಹಾಳೆಯಂತೆ ಜಗತ್ತಿನಾದ್ಯಂತ ಒಂದೇ ದಿನ ಒಂದೇ ಹಾಳೆ ಓದುವ ರೂಢಿ 1923ರಲ್ಲಿ ಶುರುವಾಯಿತು. ಒಂದು ಸುತ್ತು ಮುಗಿಯಲು ಏಳೂವರೆ ವರ್ಷದ ಹತ್ತಿರ ಬೇಕು. ಪದವಿಯಲ್ಲಿ ಇಷ್ಟನ್ನೂ ಓದಿಸುವುದಿಲ್ಲ. ಒಂದು ಅವಧಿಯಲ್ಲಿ ನಾಲ್ಕೈದು ಹಾಳೆ ಸರಿಯಾಗಿ ಓದಿದರೆ ಅದೇ ದೊಡ್ಡದು.

ಆ ಹಾಳೆ ಹೇಗಿರುತ್ತದೆ ಎಂದು ಕಣ್ಣಿಗೆ ತಂದುಕೊಳ್ಳಿ. ನಡುವೆ ಒಂದು ಕಂಬದಂತೆ ಮೂಲ, ಮಿಶ್ನಾ ಮತ್ತು ಗೆಮಾರಾ. ಹೊಲಿಗೆಯ ಬದಿಗೆ ರಾಶಿಯ ಟೀಕೆ. ರಾಶಿ (1040–1105) ಫ್ರಾನ್ಸಿನ ತ್ರ್ವಾ ಊರಿನವರು. ಹೊರಬದಿಗೆ ಅವರ ಮೊಮ್ಮಕ್ಕಳು, ಶಿಷ್ಯರು, ನಂತರದವರು ಎತ್ತಿದ ಆಕ್ಷೇಪಗಳು, ‘ತೋಸಫೋತ್’. 1520ರ ದಶಕದಲ್ಲಿ ವೆನಿಸ್‌ನಲ್ಲಿ ದಾನಿಯೇಲ್ ಬೊಂಬರ್ಗ್ ಎಂಬ ಕ್ರೈಸ್ತ ಮುದ್ರಕ ಸಂಪೂರ್ಣ ತಾಲ್ಮುದ್ ಅಚ್ಚು ಹಾಕಿದಾಗ ನಿಂತ ಹಾಳೆಸಂಖ್ಯೆ ಇಂದಿಗೂ ಹಾಗೆಯೇ ಇದೆ. ಸೂತ್ರ, ಭಾಷ್ಯ, ಟೀಕೆ, ಟಿಪ್ಪಣಿಯ ಪರಂಪರೆಯಲ್ಲಿ ಬಂದ ನಮಗೆ ಈ ಪುಟ ಅಪರಿಚಿತವಲ್ಲ. ಓಲೆಗರಿ ಸಂಪಾದನೆ ಬಲ್ಲವರಿಗೆ ಸಂಖ್ಯೆಯ ಕ್ರಮವೂ ಗೊತ್ತಾಗುತ್ತದೆ. ಗರಿಗೊಂದು ಸಂಖ್ಯೆ, ಬದಿ ಎರಡು. ಬಹುತೇಕ ಎಲ್ಲ ಪ್ರಕರಣಗಳೂ ಎರಡನೇ ಹಾಳೆಯಿಂದ ಶುರುವಾಗುತ್ತವೆ, ಶೀರ್ಷಿಕೆಯ ಹಾಳೆ ಮೊದಲನೆಯದಾಗಿ ಎಣಿಕೆಯಾಗುವುದರಿಂದ. ಮೊದಲ ಪ್ರಕರಣದ ಹೆಸರು ಬೆರಾಖೋತ್; ‘ಬೆರಾಖೋತ್ 1’ ಎಂದು ಉಲ್ಲೇಖ ಕೊಟ್ಟ ಪ್ರಬಂಧ ಕಂಡರೆ ಅಧ್ಯಾಪಕರಿಗೆ ಅಲ್ಲೇ ತಿಳಿಯುತ್ತದೆ, ಈ ವಿದ್ಯಾರ್ಥಿ ಪುಟ ತೆರೆದಿಲ್ಲ ಎಂದು.

ಮೊದಲ ಪ್ರಕರಣದ ಮೊದಲ ವಾಕ್ಯ ಒಂದು ಪ್ರಶ್ನೆ: ಸಂಜೆಯ ಶೆಮಾ ಹೇಳುವುದು ಯಾವಾಗಿನಿಂದ? ಉತ್ತರ: ಯಾಜಕರು ತಮ್ಮ ಪಾಲಿನ ಕಾಣಿಕೆಯನ್ನು ಉಣ್ಣಲು ಒಳಹೋಗುವ ಹೊತ್ತಿನಿಂದ. ‘ಕತ್ತಲಾದ ಮೇಲೆ’ ಎಂದು ಹೇಳಿದ್ದರೆ ಸಾಕಿತ್ತು. ಮಿಶ್ನಾ ರೂಪುಗೊಳ್ಳುವ ಹೊತ್ತಿಗೆ ಆ ಯಾಜಕರಿದ್ದ ಜೆರುಸಲೇಮಿನ ದೇವಾಲಯ ನಾಶವಾಗಿ ನೂರು ವರ್ಷ ದಾಟಿತ್ತು. ರೋಮನರು ಅದನ್ನು ಕೆಡವಿದ್ದು ಸಾ.ಶ. 70ರಲ್ಲಿ. ಆದರೂ ಹೊತ್ತನ್ನು ಅಳೆಯುವುದು ಯಾಜಕರ ಊಟದಿಂದಲೇ. ಈ ಒಂದು ವಾಕ್ಯದ ಮೇಲೆ ತರಗತಿ ಎರಡು ಗಂಟೆ ನಿಲ್ಲುತ್ತದೆ, ನಿಲ್ಲಲೇಬೇಕು.

ಓದುವ ಪದ್ಧತಿ ಜೋಡಿಯಾಗಿ, ‘ಹವ್ರೂತಾ’ ಎನ್ನುತ್ತಾರೆ. ಒಬ್ಬರು ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು, ಇನ್ನೊಬ್ಬರು ತಡೆದು ಕೇಳಬೇಕು. ಮೂಲದಲ್ಲಿ ಸ್ವರಚಿಹ್ನೆ ಇಲ್ಲ, ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಉದ್ಧರಣ ಚಿಹ್ನೆ ಇಲ್ಲ. ಇದು ಪ್ರಶ್ನೆಯೋ ಉತ್ತರವೋ, ಮಾತಾಡುತ್ತಿರುವವರು ಯಾರು, ಇದು ಇನ್ನೊಂದು ಕಡೆಯಿಂದ ತಂದ ಮಾತೋ ಎಂದು ನೀವೇ ತೀರ್ಮಾನಿಸಬೇಕು. ಅದಕ್ಕೆ ಕೆಲವು ಗುರುತುಪದಗಳಿವೆ. ‘ತಾ ಶ್ಮಾ’, ಬಾ ಕೇಳು, ಬಂದರೆ ಮುಂದೆ ಆಧಾರ ಬರುತ್ತದೆ. ‘ತೇಕು’ ಬಂದರೆ ಪ್ರಶ್ನೆ ಬಗೆಹರಿಯದೆ ಹಾಗೇ ನಿಂತಿತು. ಇಂಥ ಮೂವತ್ತು ನಲವತ್ತು ಪದ ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಅಷ್ಟರಿಂದಲೇ ಪುಟದ ಅಸ್ಥಿಪಂಜರ ಕಾಣತೊಡಗುತ್ತದೆ. ರಾಶಿಯ ಟೀಕೆ ಅಚ್ಚಾಗುವುದು ಬೇರೆಯೇ ಅಕ್ಷರರೂಪದಲ್ಲಿ. ‘ರಾಶಿ ಲಿಪಿ’ ಎಂದು ಹೆಸರು, ಆದರೆ ರಾಶಿ ಹಾಗೆ ಬರೆಯುತ್ತಿರಲಿಲ್ಲ. ಮೂಲದಿಂದ ಟೀಕೆಯನ್ನು ಬೇರೆಯಾಗಿ ತೋರಿಸಲು ಮುದ್ರಕರು ಬಳಸಿದ ಅಚ್ಚು ಅದು.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಸೆಫಾರಿಯಾ ಎಂಬ ಉಚಿತ ಜಾಲತಾಣದಲ್ಲಿ ಇಡೀ ತಾಲ್ಮುದ್ ಇಂಗ್ಲಿಷ್ ಅನುವಾದದೊಂದಿಗೆ ಸಿಗುತ್ತದೆ, ಇದು ದೊಡ್ಡ ವರ. ಅಲ್ಲಿ ದಪ್ಪಕ್ಷರದಲ್ಲಿರುವುದು ಮಾತ್ರ ಮೂಲದ ಅನುವಾದ. ತೆಳು ಅಕ್ಷರದ್ದೆಲ್ಲ ಅರ್ಥವಾಗಲೆಂದು ಆಧುನಿಕ ವ್ಯಾಖ್ಯಾನಕಾರರು ಸೇರಿಸಿದ ಮಾತು. ನಕಲು ಮಾಡಿ ಅಂಟಿಸುವಾಗ ಈ ವ್ಯತ್ಯಾಸ ಅಳಿಸಿಹೋಗಿ, ಇಪ್ಪತ್ತನೇ ಶತಮಾನದ ವಿವರಣೆ ಆರನೇ ಶತಮಾನದ ತಾಲ್ಮುದ್ ಆಗಿಬಿಡುತ್ತದೆ. ಎರಡನೆಯ ತಪ್ಪು, ‘ರಬ್ಬಿ (ಧರ್ಮಗುರು) ಇಂಥವರು ಹೀಗೆಂದರು’ ಎಂದು ತಾಲ್ಮುದ್‌ನಲ್ಲಿದ್ದರೆ ಅದನ್ನು ಆ ರಬ್ಬಿಯ ಕಾಲದ ಚಾರಿತ್ರಿಕ ದಾಖಲೆ ಎಂದು ತೆಗೆದುಕೊಳ್ಳುವುದು. ಹೇಳಿದ್ದಕ್ಕೂ ಸಂಪಾದನೆಯಾದದ್ದಕ್ಕೂ ನಡುವೆ ಮುನ್ನೂರು ವರ್ಷ ಇರಬಹುದು. ‘ತಾಲ್ಮುದ್ ಪ್ರಕಾರ ಇಂಥವರು ಹೇಳಿದ್ದು’ ಎಂದು ಬರೆಯಿರಿ.

ಇತಿಹಾಸದ ಪತ್ರಿಕೆಗಳಿಗೆ ಬಂದರೆ, ಮಧ್ಯಯುಗಕ್ಕೆ ಕೈರೋ ಗೆನೀಜಾದಂಥ ಆಕರ ಇನ್ನೊಂದಿಲ್ಲ. ದೇವರ ಹೆಸರಿರುವ ಬರಹವನ್ನು ಹಾಳುಮಾಡಬಾರದು ಎಂಬ ಕಟ್ಟಳೆಯಿಂದ, ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಸವೆದ ಹಾಳೆಗಳನ್ನು ಒಂದು ಕೋಣೆಗೆ ಹಾಕುತ್ತಿದ್ದರು. ನಮ್ಮಲ್ಲಿ ಹಳೆಯ ಓಲೆಗರಿಗಳನ್ನು ಹೊಳೆಗೆ ಬಿಟ್ಟರು, ಅವರು ಕೋಣೆಗೆ ಬಿಟ್ಟರು. ಹೊಳೆಗೆ ಬಿಟ್ಟದ್ದು ಹೋಯಿತು, ಕೋಣೆಯದು ಈಜಿಪ್ಟಿನ ಒಣಹವೆಯಲ್ಲಿ ಉಳಿಯಿತು. 1896–97ರಲ್ಲಿ ಸೊಲೊಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ತಂದರು. ಅಲ್ಲಿ ಈಗ ಸುಮಾರು 1,93,000 ತುಣುಕುಗಳಿವೆ. ಧರ್ಮಗ್ರಂಥಗಳಷ್ಟೇ ಅಲ್ಲ, ಮದುವೆ ಕರಾರು, ಸಾಲಪತ್ರ, ಶಾಲಾಮಕ್ಕಳ ಅಕ್ಷರಾಭ್ಯಾಸ, ಬೆನ್ ಯಿಜುವಿನ ಪತ್ರಗಳು. ಏಡನ್‌ನಿಂದ ಅವನಿಗೆ ಬರುತ್ತಿದ್ದ ಸಾಮಾನಿನಲ್ಲಿ ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವೂ ಇರುತ್ತಿತ್ತು, ಕರಾವಳಿಯಲ್ಲಿ ಕಾಗದ ಸಿಗುತ್ತಿರಲಿಲ್ಲ. ಬಂದ ಪತ್ರಗಳ ಖಾಲಿ ಜಾಗದಲ್ಲೇ ಅವನು ಲೆಕ್ಕ ಬರೆದ. ಮೈಮೊನಿಡಿಸ್ ಎಂದು ಜಗತ್ತು ಕರೆಯುವ ದಾರ್ಶನಿಕ ಮೋಶೆ ಬೆನ್ ಮೈಮೋನ್ (1138–1204) ಅವರ ತಮ್ಮ ದಾವೀದ್ ಭಾರತದ ವ್ಯಾಪಾರಕ್ಕೆ ಹೊರಟು ಸಮುದ್ರದಲ್ಲಿ ಮುಳುಗಿ ತೀರಿಕೊಂಡ. ಹೊರಡುವ ಮುನ್ನ ಅಣ್ಣನಿಗೆ ಬರೆದ ಪತ್ರ ಗೆನೀಜಾದಲ್ಲಿ ಸಿಕ್ಕಿದೆ.

ಈ ಪತ್ರಗಳ ಭಾಷೆಗೆ ಯಹೂದಿ-ಅರಬ್ಬಿ ಎನ್ನುತ್ತಾರೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವವರು, ಬ್ಯಾರಿ ಬಲ್ಲವರು ಇಲ್ಲಿದ್ದರೆ ಅವರಿಗೆ ಹೆಚ್ಚು ವಿವರಿಸಬೇಕಿಲ್ಲ. ಭಾಷೆ ಒಂದು ಮನೆಯದು, ಲಿಪಿ ಇನ್ನೊಂದು ಮನೆಯದು. ಗೆನೀಜಾ ಕೆಲಸ ಮಾಡಬೇಕೆಂದರೆ ಎರಡನೇ ವರ್ಷದಿಂದಲೇ ಅರಬ್ಬಿ ತೆಗೆದುಕೊಳ್ಳಿ, ಮೂರನೇ ವರ್ಷಕ್ಕೆ ತಡವಾಗುತ್ತದೆ.

ತಾರೀಖು ತಪ್ಪುವುದು ಇಲ್ಲೇ ಹೆಚ್ಚು. ಗೆನೀಜಾ ಪತ್ರಗಳಲ್ಲಿ ಸಾಮಾನ್ಯವಾಗಿ ಸೆಲ್ಯುಸಿಡ್ ಶಕೆ, ಅಂದರೆ ಪಶ್ಚಿಮ ಏಷ್ಯಾದ ಒಂದು ಹಳೆಯ ಗ್ರೀಕ್ ರಾಜವಂಶದ ವರ್ಷಗಣನೆ, ಇರುತ್ತದೆ. ಆ ವರ್ಷದಿಂದ 311 ಕಳೆಯಬೇಕು, ವರ್ಷ ಶರತ್ಕಾಲದಲ್ಲಿ ಶುರುವಾಗುವುದರಿಂದ ಅಲ್ಲಿಂದ ಡಿಸೆಂಬರ್‌ವರೆಗಿನ ತಿಂಗಳುಗಳಿಗೆ 312. ಬೆನ್ ಯಿಜು ಆಶು ಎಂಬ ಹೆಣ್ಣಾಳನ್ನು ಮಂಗಳೂರಿನಲ್ಲಿ ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರದ ದಿನ 1132ರ ಅಕ್ಟೋಬರ್ 17. ಆ ಶಕೆಯಲ್ಲಿ ಅದು 1444. 311 ಕಳೆದರೆ 1133 ಬಂದು ಒಂದು ವರ್ಷ ಜಾರುತ್ತದೆ. ಆಕೆಯನ್ನೇ ಅವನು ಮದುವೆಯಾದ ಎಂಬುದು ವಿದ್ವಾಂಸರ ಊಹೆ, ಪತ್ರದಲ್ಲಿ ಇರುವುದು ಬಿಡುಗಡೆ ಮಾತ್ರ. ಈಚಿನ ಪುಸ್ತಕಗಳಲ್ಲಿ ಸೃಷ್ಟಿಶಕೆಯನ್ನು, ಅಂದರೆ ಜಗತ್ತಿನ ಸೃಷ್ಟಿಯಿಂದ ಎಣಿಸುವ ವರ್ಷವನ್ನು, ಅಂಕಿಗಳ ಬದಲು ಅಕ್ಷರಗಳಿಂದ ಬರೆದು, ಸಾವಿರದ ಸ್ಥಾನ ಬಿಟ್ಟುಬಿಡುತ್ತಾರೆ. 784 ಎಂದಿದ್ದರೆ 1240 ಕೂಡಿಸಿ, 2024. ಶರತ್ಕಾಲದ ತಿಂಗಳಾದರೆ 2023. ಶಾಲಿವಾಹನ ಶಕಕ್ಕೆ 78 ಕೂಡಿಸಿ ಶಾಸನ ಓದುವವರಿಗೆ ಈ ಎಚ್ಚರ ಹೊಸದಲ್ಲ. ಪಂಚಾಂಗವೂ ನಮ್ಮದರ ಹಾಗೆ ಚಾಂದ್ರ-ಸೌರ: 19 ವರ್ಷದಲ್ಲಿ ಏಳು ಅಧಿಕಮಾಸ. ನಮ್ಮಲ್ಲಿ ಸಂಕ್ರಾಂತಿಯಿಲ್ಲದ ತಿಂಗಳು ಅಧಿಕವಾದರೆ, ಅಲ್ಲಿ ಪ್ರತಿ ಸಲವೂ ಅದಾರ್ ತಿಂಗಳೇ ಎರಡಾಗುತ್ತದೆ, ಪಸ್ಕ ಹಬ್ಬ ವಸಂತದಲ್ಲೇ ಬರಬೇಕು ಎಂಬುದಕ್ಕಾಗಿ.

ಸಾಹಿತ್ಯದಲ್ಲಿ ಒಂದೇ ಉದಾಹರಣೆ. 10ನೇ ಶತಮಾನದಲ್ಲಿ ದುನಾಶ್ ಬೆನ್ ಲಬ್ರಾತ್ ಎಂಬ ಕವಿ ಸ್ಪೇನಿನಲ್ಲಿ ಅರಬ್ಬಿ ಛಂದಸ್ಸನ್ನು ಹೀಬ್ರೂಗೆ ಒಗ್ಗಿಸಿದ. ಪವಿತ್ರ ಭಾಷೆಗೆ ಪರಭಾಷೆಯ ಅಳತೆ ಸಲ್ಲದು ಎಂದು ದೊಡ್ಡ ಜಗಳವೇ ನಡೆಯಿತು. ಆ ಅಳತೆಯಲ್ಲಿ ‘ಶ್ವಾ’ ಎಂಬ ಅರೆಸ್ವರ ಲಘು, ಉಳಿದ ಸ್ವರಗಳೆಲ್ಲ ಗುರು. ಹಳಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿದವರು ಮಧ್ಯಯುಗದ ಸ್ಪೇನಿನ ಹೀಬ್ರೂ ಕವಿ ಯೆಹೂದಾ ಹಲೇವಿಯ ಕವಿತೆಗೂ ಹಾಕಬಹುದು, ಹಾಕಲೇಬೇಕು. ಹಸ್ತಪ್ರತಿಯಲ್ಲಿ ಪದ ಬಿಟ್ಟುಹೋಗಿದ್ದರೆ ಲಯ ಮುರಿಯುವುದರಿಂದಲೇ ಅದು ಪತ್ತೆಯಾಗುತ್ತದೆ.

ಆಧುನಿಕ ಕಾಲಕ್ಕೆ ಹೀಬ್ರೂ ಒಂದೇ ಸಾಲದು. ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಯಿಡ್ಡಿಷ್. ನಾತ್ಸಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಗೆಟ್ಟೊದೊಳಗೆ ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು ಗುಟ್ಟಾಗಿ ದಾಖಲೆ ಸಂಗ್ರಹಿಸಿದರು. ದಿನಚರಿ, ಪಡಿತರ ಚೀಟಿ, ಶಾಲಾಮಕ್ಕಳ ಪ್ರಬಂಧ, ಮಿಠಾಯಿಯ ಹೊದಿಕೆ. ಹೆಚ್ಚಿನವು ಯಿಡ್ಡಿಷ್ ಮತ್ತು ಪೋಲಿಷ್‌ನಲ್ಲಿ. ಎಲ್ಲವನ್ನೂ ನೆಲದಲ್ಲಿ ಹೂತಿಟ್ಟರು. 1946ರಲ್ಲಿ ಹತ್ತು ತಗಡಿನ ಪೆಟ್ಟಿಗೆಗಳು, 1950ರಲ್ಲಿ ಎರಡು ಹಾಲಿನ ಕ್ಯಾನುಗಳು ಸಿಕ್ಕವು. ಮೂರನೆಯ ಭಾಗ ಇನ್ನೂ ಸಿಕ್ಕಿಲ್ಲ. ಪೆಟ್ಟಿಗೆಯೊಳಗೆ ನೀರು ಹೋಗಿ ಹಲವು ಹಾಳೆಗಳ ಶಾಯಿ ಹರಡಿದೆ. ಈ ಪತ್ರಿಕೆ ಓದುವ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ: ಸತ್ತವರ ಸಂಖ್ಯೆಯಿಂದ ಶುರು ಮಾಡಬೇಡಿ, ಅವರೇ ಬರೆದಿಟ್ಟ ಒಂದು ಹಾಳೆಯಿಂದ ಶುರು ಮಾಡಿ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಕೆಲವು:

ಯಹೂದಿಯಲ್ಲದವರು ಇದನ್ನು ಓದಬಹುದೇ? ಖಂಡಿತ. ವಿಶ್ವವಿದ್ಯಾಲಯದಲ್ಲಿ ಯಾರೂ ನಿಮ್ಮ ನಂಬಿಕೆಯನ್ನು ಕೇಳುವುದಿಲ್ಲ. ಆದರೆ ನಂಬಿಕೆಯುಳ್ಳ ಸಹಪಾಠಿಗಳು ದೇವರ ಹೆಸರನ್ನು ಉಚ್ಚರಿಸದಿದ್ದರೆ, ಶನಿವಾರ ಬರೆಯದಿದ್ದರೆ, ಅದನ್ನು ಗೌರವಿಸಿ. ಜೋಡಿ ಓದಿನ ಸಮಯವನ್ನು ಶುಕ್ರವಾರ ಸಂಜೆಗೆ ಇಡಬೇಡಿ.

ಇಸ್ರೇಲ್–ಪ್ಯಾಲೆಸ್ಟೈನ್ ವಿಷಯ ಬರುತ್ತದೆಯೇ? ಬರುತ್ತದೆ. ಮೊದಲ ಜಿಯೋನಿಸ್ಟ್ ಸಭೆಯಾದ 1897ರ ಬಾಸೆಲ್ ಸಮ್ಮೇಳನ, ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳಿಗೆ ನೆಲೆ ಎಂಬುದಕ್ಕೆ ಬ್ರಿಟನ್ ಬೆಂಬಲ ಸಾರಿದ 1917ರ ಬಾಲ್ಫರ್ ಘೋಷಣೆ, ಇಸ್ರೇಲ್ ಸ್ಥಾಪನೆಯಾದ 1948. ಅದೇ 1948 ಒಬ್ಬರಿಗೆ ಸ್ವಾತಂತ್ರ್ಯ, ಇನ್ನೊಬ್ಬರಿಗೆ ‘ನಕ್ಬಾ’, ಮಹಾವಿಪತ್ತು. ಎರಡೂ ಕಡೆಯ ದಾಖಲೆ ಓದದೆ ಪ್ರಬಂಧ ಬರೆಯಬೇಡಿ. ಅರಬ್ಬಿ ಕಲಿಯಲು ಇದೂ ಒಂದು ಕಾರಣ.

ಆಧುನಿಕ ಹೀಬ್ರೂ ಮೊದಲೋ, ಬೈಬಲ್ ಹೀಬ್ರೂ ಮೊದಲೋ? ಸಾಹಿತ್ಯ ಮತ್ತು ಈಚಿನ ಇತಿಹಾಸ ಬೇಕಾದವರು ಆಧುನಿಕದಿಂದ ಶುರು ಮಾಡಿ. ‘ಉಲ್ಪಾನ್’ ಎಂಬ ತೀವ್ರ ತರಗತಿಗಳು ಆಲೆಫ್‌ನಿಂದ ವಾವ್‌ವರೆಗೆ ಆರು ಹಂತಗಳಲ್ಲಿ ನಡೆಯುತ್ತವೆ. ಉಳಿದವರು ಬೈಬಲ್ ಹೀಬ್ರೂನಿಂದ. ಎರಡನ್ನೂ ಒಂದೇ ವರ್ಷ ಸೊನ್ನೆಯಿಂದ ಶುರು ಮಾಡಬೇಡಿ, ಕ್ರಿಯಾಪದದ ಕಾಲಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಸೇರುವ ಮೊದಲು ಮನೆಯಲ್ಲಿ ಏನು ಮಾಡಬಹುದು? ಅಕ್ಷರ ಕಲಿಯಿರಿ. ನಂತರ ರೂತಳ ಪುಸ್ತಕ ತೆಗೆಯಿರಿ: 4 ಅಧ್ಯಾಯ, 85 ವಚನ, ಸರಳ ಗದ್ಯ. ಒಂದು ಪಕ್ಕ ಕನ್ನಡ ಬೈಬಲ್ ಇಟ್ಟುಕೊಳ್ಳಿ, ದಿನಕ್ಕೆರಡು ವಚನ. ಮೊದಲ ವಚನದಲ್ಲೇ ದೇಶಕ್ಕೆ ಬರಗಾಲ ಬಂದು ಒಬ್ಬ ಮನುಷ್ಯ ಹೆಂಡತಿ, ಮಕ್ಕಳೊಂದಿಗೆ ಬೇತ್ಲೆಹೇಮ್ ಬಿಟ್ಟು ಹೋಗುತ್ತಾನೆ. ಕನ್ನಡದಲ್ಲಿ ಬೇತ್ಲೆಹೇಮ್ ಒಂದು ಊರಿನ ಹೆಸರು ಅಷ್ಟೇ. ಹೀಬ್ರೂನಲ್ಲಿ ಅದು ಎರಡು ಪದ, ‘ಬೇತ್’ ಮತ್ತು ‘ಲೆಹೆಮ್’. ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲೇ ತಿನ್ನಲು ಇಲ್ಲದೆ ಅವರು ಹೊರಟರು.